ಚಳಿಯಲ್ಲಿ ಕರು ಕಾಪಾಡೋದು ಹೇಗೆ? ಮೊದಲು ಮೊಣಕಾಲೂರಿ ನೋಡಿ

ಬೀದರ್, ವಿಜಯಪುರದ ಕಡೆ ಡಿಸೆಂಬರ್ ಕೊನೆಗೆ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಆಗ ನಾವೆಲ್ಲ ಏನು ಮಾಡ್ತೀವಿ? ಕರುವಿನ ಮೇಲೊಂದು ಗೋಣಿಚೀಲ ಹೊದಿಸಿ, ಕೊಟ್ಟಿಗೆಯ ಸಂದುಗೊಂದನ್ನೆಲ್ಲ ಮುಚ್ಚಿ ಹೋಗಿ ಮಲಗ್ತೀವಿ. ನಾನೂ ಅದನ್ನೇ ಮಾಡುತ್ತಿದ್ದೆ. ಒಂದು ದಿನ ಬೆಳಿಗ್ಗೆ ನೋಡಿದರೆ ಚೀಲ ಇಬ್ಬನಿಗೆ, ಗಂಜಲಕ್ಕೆ ತೊಯ್ದು ತೊಪ್ಪೆಯಾಗಿ ಬೆನ್ನಿಗೆ ಅಂಟಿಕೊಂಡಿತ್ತು, ಕರು ಗಡಗಡ ನಡುಗುತ್ತಿತ್ತು.

ದೊಡ್ಡ ಹಸುವಿಗೆ ಚಳಿ ತಡೆಯಲು ತನ್ನದೇ ಏರ್ಪಾಡಿದೆ. ಚಳಿಯಾದರೆ ಮೈಕೂದಲು ನೆಟ್ಟಗೆ ನಿಲ್ಲುತ್ತದೆ. ಕೂದಲ ನಡುವೆ ಸಿಕ್ಕಿಕೊಂಡ ಗಾಳಿಯೇ ಕಂಬಳಿ. ಮೈ ಒದ್ದೆಯಾದರೆ ಕೂದಲು ಅಂಟಿಕೊಂಡು ಆ ಕಂಬಳಿ ಹೋಯ್ತು. ಜೊತೆಗೆ ಹೊಟ್ಟೆಯೊಳಗೊಂದು ಒಲೆ ಇದೆ: ನಾರಿನ ಮೇವು ಅಲ್ಲಿ ಹುದುಗುವಾಗ ಬಿಸಿ ಹುಟ್ಟುತ್ತದೆ. ಅದಕ್ಕೇ ಸಂಜೆ ಜೋಳದ ಕಣಿಕೆ ಸ್ವಲ್ಪ ಜಾಸ್ತಿ ಹಾಕಿ, ರಾತ್ರಿಯಿಡೀ ಮೆಲುಕು ಹಾಕುತ್ತಾ ಬೆಚ್ಚಗಿರುತ್ತದೆ. ಮೈ ತೊಳೆಯೋದಿದ್ದರೆ ಮಧ್ಯಾಹ್ನದ ಬಿಸಿಲಲ್ಲಿ ತೊಳೆಯಿರಿ.

ಕಷ್ಟ ಇರೋದು ಕರುವಿಗೆ. ಆ ಒಲೆ ಇನ್ನೂ ಹೊತ್ತಿರುವುದಿಲ್ಲ, ಕುಡಿದ ಹಾಲೇ ಅದಕ್ಕೆ ಸೌದೆ. ಹುಟ್ಟಿದ ಕೂಡಲೇ ಮೈಯನ್ನು ಒಣಬಟ್ಟೆಯಿಂದ ಚೆನ್ನಾಗಿ ಉಜ್ಜಿ ಒರೆಸಿ, ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಮೊದಲ ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಪಾಲು ಅಂತ ಲೆಕ್ಕ: 25 ಕೆಜಿ ಕರುವಿಗೆ ಎರಡೂವರೆ ಲೀಟರ್, ಮೂರ್ನಾಲ್ಕು ಸಲಕ್ಕೆ ಹಂಚಿ. "ಕಸ (ಕರು ಹಾಕಿದ ಮೇಲೆ ಹಸುವಿನಿಂದ ಬೀಳುವ ಮಾಸು) ಬೀಳೋವರೆಗೆ ಹಾಲು ಬೇಡ" ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ, ಅವರು ಹೋದಮೇಲೆ ಕುಡಿಸಿ.

ಆಮೇಲೆ ಹಾಸಿಗೆ. ಒಣಹುಲ್ಲನ್ನು ಎಷ್ಟು ದಪ್ಪ ಹಾಕಬೇಕು ಅಂದರೆ, ಕರು ಮಲಗಿದಾಗ ಕಾಲು ಹುಲ್ಲಲ್ಲಿ ಮುಳುಗಿ ಕಾಣಿಸಬಾರದು. ಹಾಸಿಗೆ ಒಣಗಿದೆಯಾ ಅಂತ ಕೈಯಾಡಿಸಿ ನೋಡಿದರೆ ಗೊತ್ತಾಗಲ್ಲ. ಅದರ ಮೇಲೆ ಮೊಣಕಾಲೂರಿ ಅರ್ಧ ನಿಮಿಷ ಕೂತುಕೊಳ್ಳಿ. ಎದ್ದಾಗ ಪಂಚೆಯೋ ಪ್ಯಾಂಟೋ ಒದ್ದೆಯಾಗಿದ್ದರೆ, ಕರು ರಾತ್ರಿಯೆಲ್ಲ ಅದೇ ಒದ್ದೆಯಲ್ಲಿ ಮಲಗಬೇಕು, ಅಲ್ವಾ? ಹುಲ್ಲು ಬದಲಿಸಿ.

ಗೋಣಿಚೀಲ ಬೇಡ ಅಂತಲ್ಲ. ಒಣಗಿದ್ದನ್ನು ಕಟ್ಟಿ, ಬಿಸಿಲು ಬಂದಮೇಲೆ ಬಿಚ್ಚಿ ಹರವಿ. ಕೊಟ್ಟಿಗೆಯಲ್ಲಿ ಗಾಳಿ ನೇರ ಕರುವಿಗೆ ಬಡಿಯುವ ಕಡೆ ಮಾತ್ರ ತಡಿಕೆ ಕಟ್ಟಿ, ಮೇಲೆ ಸೂರಿನ ಹತ್ತಿರ ಗಾಳಿಯಾಡಲು ತೆರೆದೇ ಬಿಡಿ. ಪೂರ್ತಿ ಮುಚ್ಚಿದರೆ ಗಂಜಲದ ಘಾಟು ಒಳಗೇ ನಿಂತು ಕರುವಿಗೆ ಕೆಮ್ಮು ಹಿಡಿಯುತ್ತದೆ. ಒಳಗೆ ಬೆಂಕಿ ಹಾಕೋದಂತೂ ಬೇಡವೇ ಬೇಡ, ಹುಲ್ಲಿದೆ, ಹೊಗೆಯೂ ತುಂಬುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಕೈ ತೊಳೆದು ಕರುವಿನ ಬಾಯೊಳಗೆ ಒಂದು ಬೆರಳಿಡಿ. ಕಿವಿ ತಣ್ಣಗಿದ್ದರೆ ಗಾಬರಿ ಬೇಡ, ಬಾಯಿ ಬೆಚ್ಚಗಿದ್ದರೆ ಸಾಕು. ಬಾಯೇ ತಣ್ಣಗಿದ್ದು, ಬೆರಳು ಚೀಪದಿದ್ದರೆ ಕಾಯುತ್ತಾ ಕೂರಬೇಡಿ. ಡಾಕ್ಟರಿಗೆ ಫೋನ್ ಮಾಡಿ, ಅವರು ಬರುವಷ್ಟರಲ್ಲಿ ಕರುವನ್ನು ಮನೆಯೊಳಗೆ ತಂದು ಒಣಬಟ್ಟೆಯಿಂದ ಉಜ್ಜುತ್ತಾ ಇರಿ.