ನಾಯಿಯ ಕೋರೆಹಲ್ಲಿಗೆ ಲೋಹದ ಕ್ಯಾಪ್: ಎರಕ, ಮಿಲ್ಲಿಂಗ್, ಲೇಸರ್

ಕೆಲಸದ ನಾಯಿಗಳ ಕೋರೆಹಲ್ಲು ಮುರಿಯುವುದು ಮಾಮೂಲಿ. ಪಂಜರದ ಸರಳು ಕಚ್ಚಿ ಕಚ್ಚಿ ಹಲ್ಲಿನ ಹಿಂಭಾಗ ಸವೆಸಿಕೊಳ್ಳುವ ನಾಯಿಗಳೂ ಬರುತ್ತವೆ. ಇಂಥ ಹಲ್ಲಿಗೆ ನಾನು ಲೋಹದ ಕ್ಯಾಪ್ ಹಾಕುತ್ತೇನೆ. ಒಳಗಿನ ತಿರುಳು ತೆರೆದುಕೊಂಡಿದ್ದರೆ ಮೊದಲು ರೂಟ್ ಕೆನಾಲ್. ಆಮೇಲೆ ಕ್ಯಾಪ್ ಕೂರುವಂತೆ ಹಲ್ಲು ಸವೆಸಿ ಅಳತೆ ತೆಗೆಯಲು ಒಂದು ಸಲ, ಕ್ಯಾಪ್ ಅಂಟಿಸಲು ಇನ್ನೊಂದು ಸಲ ಅರಿವಳಿಕೆ ಕೊಡಬೇಕು. ಕ್ಯಾಪ್ ಕೂರದಿದ್ದರೆ ಮತ್ತೆ ಅರಿವಳಿಕೆ. ವಯಸ್ಸಾದ ನಾಯಿಗೆ ಇದು ಸಣ್ಣ ಮಾತಲ್ಲ. ಹಾಗಾಗಿ ಯಾವುದೇ ವಿಧಾನದ ಬಗ್ಗೆ ನಾನು ಕೇಳುವುದು ಒಂದೇ: ಮೊದಲ ಸಲಕ್ಕೇ ಕೂರುತ್ತಾ?

ಶುರು ಮಾಡಿದ್ದು ಎರಕದಿಂದ. ಸಿಲಿಕೋನ್‌ನಲ್ಲಿ ಹಲ್ಲಿನ ಅಚ್ಚು ತೆಗೆದು, ಜಿಪ್ಸಮ್ ಮಾದರಿ ಮಾಡಿ, ಅದರ ಮೇಲೆ ಮೇಣದ ಕ್ಯಾಪ್ ರೂಪಿಸುತ್ತಾರೆ. ಆ ಮೇಣದ ಸುತ್ತ ಬಿಸಿ ತಡೆಯುವ ಅಚ್ಚು ಕಟ್ಟಿ ಕಾಯಿಸಿದಾಗ, ಮೇಣ ಸುಟ್ಟುಹೋದ ಜಾಗಕ್ಕೆ ಕರಗಿದ ಕೋಬಾಲ್ಟ್-ಕ್ರೋಮಿಯಂ ಹೋಗುತ್ತದೆ. ತಣಿಯುವಾಗ ಈ ಲೋಹ ಸುಮಾರು 2% ಕುಗ್ಗುತ್ತದೆ. ಸುತ್ತಲಿನ ಅಚ್ಚು ಅಷ್ಟೇ ಹಿಗ್ಗಿ ಅದನ್ನು ಸರಿದೂಗಿಸಬೇಕು. ನುರಿತ ಟೆಕ್ನಿಷಿಯನ್ ಇದ್ದರೆ ಅಂಚು ತುಂಬಾ ಚೆನ್ನಾಗಿ ಬರುತ್ತದೆ. ಆದರೆ ಹಂತಗಳು ಜಾಸ್ತಿ, ಪ್ರತಿ ಹಂತದಲ್ಲೂ ಚೂರು ಚೂರು ವ್ಯತ್ಯಾಸ ಸೇರುತ್ತಾ ಹೋಗುತ್ತದೆ.

ಮಿಲ್ಲಿಂಗ್ ಅಂದರೆ ಗಟ್ಟಿ ಲೋಹದ ತುಂಡನ್ನು ಯಂತ್ರದ ಬರ್ (ತಿರುಗುವ ಸಣ್ಣ ಮೊನೆ) ಕೊರೆದು ಕ್ಯಾಪ್ ಮಾಡುವುದು. ಅದು ನನಗೆ ಕೋರೆಹಲ್ಲಿಗೆ ಹಿಡಿಸಲಿಲ್ಲ. ಆ ಹಲ್ಲು ಉದ್ದ, ಬಾಗಿದೆ, ತುದಿ ಚೂಪು. ಕೊರೆಯುವ ಬರ್‌ಗಿಂತ ಸಣ್ಣ ಮೂಲೆಯನ್ನು ಅದು ಕೊರೆಯಲಾರದು. ಆದ್ದರಿಂದ ಕ್ಯಾಪ್ ಒಳಗೆ ತುದಿಯ ಹತ್ತಿರ ಹೆಚ್ಚು ಜಾಗ ಬಿಡಬೇಕಾಗುತ್ತದೆ.

ಈಗ ಹೆಚ್ಚಾಗಿ ಲೇಸರ್‌ನಲ್ಲಿ ಮಾಡಿಸುತ್ತೇನೆ. ಲೋಹದ ಪುಡಿಯನ್ನು ಕೂದಲಿಗಿಂತ ತೆಳುವಾದ ಪದರಗಳಲ್ಲಿ ಹರಡಿ, ಬೇಕಾದಷ್ಟನ್ನೇ ಲೇಸರ್ ಕರಗಿಸುತ್ತದೆ. ಆಳ, ಇಕ್ಕಟ್ಟು ಅದಕ್ಕೆ ತೊಂದರೆಯಲ್ಲ. ಲ್ಯಾಬ್‌ಗೆ ಎರಡು ಮಾತು ಖಡಾಖಂಡಿತ ಹೇಳಿರುತ್ತೇನೆ: ತಯಾರಾಗುವಾಗ ಕ್ಯಾಪ್ ಅನ್ನು ಹಿಡಿದು ನಿಲ್ಲಿಸುವ ಆಧಾರದ ಕಡ್ಡಿಗಳು ಅದರ ಒಳಗೆ ಬರಕೂಡದು, ಅದು ಅಂಟಿಕೊಂಡೇ ಬೆಳೆಯುವ ಲೋಹದ ತಟ್ಟೆಯಿಂದ ಕತ್ತರಿಸುವ ಮೊದಲೇ ಬಿಸಿ ಉಪಚಾರ ಆಗಬೇಕು. ಇಲ್ಲದಿದ್ದರೆ ಒಳಗೆ ಉಳಿದ ಒತ್ತಡಕ್ಕೆ ಲೋಹ ಸೊಟ್ಟಗಾಗಬಹುದು. ಹೊರಮೈ ಒರಟಾಗಿ ಬರುವುದರಿಂದ ಪಾಲಿಶ್‌ಗೆ ಸಮಯ ಹಿಡಿಯುತ್ತದೆ. ಒಳಮೈಗೆ ಮಾತ್ರ 50 ಮೈಕ್ರಾನ್ ಅಲ್ಯೂಮಿನಾ ಪುಡಿ ಊದಿಸುತ್ತೇನೆ, ಸಿಮೆಂಟ್ ಚೆನ್ನಾಗಿ ಹಿಡಿಯಲಿ ಅಂತ.

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಗೆದ್ದಿದ್ದು ಲೇಸರ್‌ಗಿಂತ ಅದರ ಮೊದಲಿನ ಸ್ಕ್ಯಾನ್, ಅಂದರೆ ಅಚ್ಚಿನ ಬದಲು ಸಣ್ಣ ಕ್ಯಾಮೆರಾದಿಂದ ಬಾಯಲ್ಲೇ ಹಲ್ಲಿನ ಅಳತೆ ತೆಗೆಯುವುದು. ಸಿಲಿಕೋನ್ ಅಚ್ಚಿನ ಸಣ್ಣ ಗುಳ್ಳೆ ಎಷ್ಟೋ ಸಲ ಲ್ಯಾಬ್‌ನಲ್ಲೇ ಗೊತ್ತಾಗುವುದು. ಅಷ್ಟೊತ್ತಿಗೆ ನಾಯಿ ಎದ್ದು ಮನೆಗೆ ಹೋಗಿರುತ್ತದೆ. ಸ್ಕ್ಯಾನ್ ಆದರೆ ನಾಯಿ ಮಲಗಿರುವಾಗಲೇ ತೆರೆಯ ಮೇಲೆ ಹಲ್ಲಿನಲ್ಲಿ ಕ್ಯಾಪ್ ಬಂದು ನಿಲ್ಲುವ ಅಂಚನ್ನು ಸುತ್ತಲೂ ನೋಡಬಹುದು. ರಕ್ತವೋ ಜೊಲ್ಲೋ ಅಡ್ಡ ಬಂದು ಅಂಚು ಮಸುಕಾಗಿದ್ದರೆ ಒರೆಸಿ, ಅಷ್ಟು ಭಾಗವನ್ನು ಮಾತ್ರ ಮತ್ತೆ ಸ್ಕ್ಯಾನ್ ಮಾಡುತ್ತೇನೆ. ಇದಕ್ಕಾಗಿಯೇ ಅಂಚನ್ನು ಆದಷ್ಟೂ ಒಸಡಿನಿಂದ ಹೊರಗೆ, ಹಲ್ಲು ಕಾಣುವ ಭಾಗದಲ್ಲೇ ಇಡುತ್ತೇನೆ.