ಮಳೆಗಾಲದ ರಾತ್ರಿಗೆ ತಕ್ಕ ಹಾಗೆ ಐಪಿ ಕ್ಯಾಮರಾದ ಸ್ಟ್ರೀಮ್ ಹೊಂದಿಸಿ

ಉಡುಪಿ ಕಡೆ ಮನೆಗೆ ಐಪಿ ಕ್ಯಾಮರಾ (ನೆಟ್‌ವರ್ಕಿನಲ್ಲಿ ಚಿತ್ರ ಕಳಿಸುವ ಕ್ಯಾಮರಾ) ಹಾಕಿಸುವವರದ್ದು ಹೆಚ್ಚಾಗಿ ಒಂದೇ ಬೇಡಿಕೆ: ಗೇಟು, ಅಂಗಳ ಎರಡೂ ಮುಂಬೈಯಲ್ಲೋ ದುಬೈಯಲ್ಲೋ ಇರುವ ಮಕ್ಕಳ ಮೊಬೈಲಿನಲ್ಲಿ ಕಾಣಬೇಕು. ಹಾಕಿದ ದಿನ ಬಿಸಿಲಿಗೆ ಎಲ್ಲ ಚೆಂದವೇ. ಜುಲೈ ರಾತ್ರಿ ಮಳೆ ಹಿಡಿದರೆ ಚಿತ್ರ ನಿಂತು ನಿಂತು ಬರುತ್ತದೆ. ಕ್ಯಾಮರಾ ಕೆಟ್ಟದ್ದಲ್ಲ. ವಿಡಿಯೋವನ್ನು ಕುಗ್ಗಿಸಿ ಕಳಿಸುವ ಕೋಡೆಕ್ ಹೆಚ್ಚಿನ ಫ್ರೇಮುಗಳಲ್ಲಿ ಬದಲಾದದ್ದನ್ನಷ್ಟೇ ಕಳಿಸುವುದು. ಮಳೆಹನಿ, ಗಾಳಿಗೆ ಆಡುವ ತೆಂಗಿನ ಮಡಲು, ಕತ್ತಲೆಯ ನಾಯ್ಸ್ (ಚಿತ್ರದಲ್ಲಿ ಮಿನುಗುವ ಚುಕ್ಕೆಗಳು) ಮೂರೂ ಸೇರಿದರೆ ಇಡೀ ಚಿತ್ರವೇ ಬದಲಾಗುತ್ತಿರುತ್ತದೆ. ಸೆಟ್ಟಿಂಗ್ ಇಡಬೇಕಾದ್ದು ಆ ರಾತ್ರಿಯ ಲೆಕ್ಕದಲ್ಲಿ.

ಕಂಪ್ಯೂಟರಿನ ಬ್ರೌಸರಿನಲ್ಲಿ ಕ್ಯಾಮರಾದ ಐಪಿ ವಿಳಾಸ ಹೊಡೆದು ಲಾಗಿನ್ ಆಗಿ, ವಿಡಿಯೋ ಸೆಟ್ಟಿಂಗ್ ತೆರೆಯಿರಿ. ಅಲ್ಲಿ ಮೇನ್ ಸ್ಟ್ರೀಮ್, ಸಬ್ ಸ್ಟ್ರೀಮ್ ಎಂದು ಎರಡಿರುತ್ತವೆ. ಮೇನ್ ರೆಕಾರ್ಡಿಂಗಿಗೆ, ಸಬ್ ಮೊಬೈಲಿಗೆ. ಎರಡನ್ನೂ ಬೇರೆ ಬೇರೆಯಾಗಿ ಸೇವ್ ಮಾಡಬೇಕು; ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗದು.

2 ಮೆಗಾಪಿಕ್ಸೆಲ್ ಕ್ಯಾಮರಾದ ಮೇನ್ ಸ್ಟ್ರೀಮಿಗೆ 1920×1080, ಸೆಕೆಂಡಿಗೆ 15 ಫ್ರೇಮ್, ಕೋಡೆಕ್ ಎಚ್.265, ವಿಬಿಆರ್ (ದೃಶ್ಯಕ್ಕೆ ತಕ್ಕಂತೆ ಏರಿಳಿಯುವ ಬಿಟ್‌ರೇಟ್), ಗರಿಷ್ಠ ಬಿಟ್‌ರೇಟ್ (ಸೆಕೆಂಡಿಗೆ ಹರಿಯುವ ಡೇಟಾ) 2048 ಕೆಬಿಪಿಎಸ್ ಸಾಕು. ಎನ್‌ವಿಆರ್ (ರೆಕಾರ್ಡಿಂಗ್ ಪೆಟ್ಟಿಗೆ) ಹಳೆಯದಾಗಿ ಎಚ್.264 ಮಾತ್ರ ಓದುವುದಾದರೆ 4096 ಕೊಡಿ. ಅಂಗಳಕ್ಕೆ 25 ಫ್ರೇಮ್ ಬೇಡವೇ ಬೇಡ. ಅದೇ ಬಿಟ್‌ರೇಟಿನಲ್ಲಿ ಫ್ರೇಮ್ ಹೆಚ್ಚಿಸಿದರೆ ಒಂದೊಂದು ಫ್ರೇಮಿಗೆ ಸಿಗುವ ಪಾಲು ಕಡಿಮೆಯಾಗಿ, ಮಳೆಯಲ್ಲಿ ಬಂದವನ ಮುಖ ಚೌಕಚೌಕವಾಗಿ ಒಡೆಯುತ್ತದೆ. ಐ-ಫ್ರೇಮ್ ಇಂಟರ್‌ವಲ್ 30 ಇಡಿ, ಅಂದರೆ ಎರಡು ಸೆಕೆಂಡಿಗೊಂದು ಪೂರ್ಣ ಚಿತ್ರ. ಇದು 100ರ ಮೇಲೆ ಹೋದರೆ ಆ್ಯಪ್ ತೆರೆದಾಗ ಕಪ್ಪು ಪರದೆ ನೋಡುತ್ತ ಕೂರಬೇಕಾಗಬಹುದು. ಟ್ಯೂಬ್‌ಲೈಟ್ ಕೆಳಗೆ ಅಡ್ಡಗೆರೆ ಓಡಿದರೆ ಫ್ರೀಕ್ವೆನ್ಸಿ 60 ಹರ್ಟ್ಸ್‌ನಲ್ಲಿದೆಯೇ ನೋಡಿ, ನಮ್ಮಲ್ಲಿ ಕರೆಂಟಿನದು 50.

ಡಿಸ್ಕಿನ ಲೆಕ್ಕ ಹೀಗೆ: 2048ರಲ್ಲಿ ಒಂದು ಕ್ಯಾಮರಾ ದಿನಕ್ಕೆ ಸುಮಾರು 22 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮರಾಕ್ಕೆ 1 ಟಿಬಿ ಡಿಸ್ಕ್ 11 ದಿನ. 4096 ಆದರೆ ಐದೂವರೆ ದಿನ.

ಸಬ್ ಸ್ಟ್ರೀಮಿಗೆ 640×360, 10 ಫ್ರೇಮ್, 384 ಕೆಬಿಪಿಎಸ್, ಕೋಡೆಕ್ ಎಚ್.264. ಹಳೆ ಮೊಬೈಲಿಗೂ ಅದು ಹಗುರ. ಇಲ್ಲಿ ಸಿಬಿಆರ್ (ಸ್ಥಿರ ಬಿಟ್‌ರೇಟ್) ಒಳ್ಳೆಯದು, ಮಳೆಗೆ ಏರಿಳಿತ ಇರದು. ನಾಲ್ಕೂ ಕ್ಯಾಮರಾ ಒಟ್ಟಿಗೆ ತೆರೆದರೆ ಸುಮಾರು ಒಂದೂವರೆ ಎಂಬಿಪಿಎಸ್ ಅಪ್‌ಲೋಡ್ ಬೇಕು. ಸ್ಪೀಡ್ ಟೆಸ್ಟಿನಲ್ಲಿ ಜನ ಡೌನ್‌ಲೋಡ್ ಮಾತ್ರ ನೋಡಿ ಖುಷಿಪಡುತ್ತಾರೆ. ಇಲ್ಲಿ ಕೆಲಸಕ್ಕೆ ಬರುವುದು ಅಪ್‌ಲೋಡ್. ಆರ್‌ಟಿಎಸ್‌ಪಿ (ಕ್ಯಾಮರಾದ ಸ್ಟ್ರೀಮನ್ನು ನೇರವಾಗಿ ತೆರೆಯುವ ವಿಧಾನ) ಮೂಲಕ ನೋಡುವಾಗ ಚಿತ್ರ ಹರಿದು ಬಣ್ಣ ಕಲಸಿದರೆ ಯುಡಿಪಿ ಬಿಟ್ಟು, ಕಳೆದುಹೋದ ಡೇಟಾ ಮತ್ತೆ ಕಳಿಸುವ ಟಿಸಿಪಿ ಆರಿಸಿ. ಹೊರಗಿನಿಂದ ನೋಡಲೆಂದು ರೌಟರಿನಲ್ಲಿ ಆರ್‌ಟಿಎಸ್‌ಪಿಯ 554ನೇ ಪೋರ್ಟ್ ತೆರೆದಿಡಬೇಡಿ. ಕ್ಯಾಮರಾದ ಆ್ಯಪ್ ಅಥವಾ ವಿಪಿಎನ್ (ಮನೆಯ ನೆಟ್‌ವರ್ಕಿಗೆ ಸುರಕ್ಷಿತ ದಾರಿ) ಇದೆಯಲ್ಲ.

ಸೆಟ್ಟಿಂಗ್ ಎಷ್ಟು ಸರಿಯಿದ್ದರೂ ಲೆನ್ಸಿನ ಎದುರು ಜೇಡರ ಬಲೆಯಿದ್ದರೆ ಪ್ರಯೋಜನವಿಲ್ಲ. ಇನ್‌ಫ್ರಾರೆಡ್ ಬೆಳಕು ಬಲೆಗೂ ಹನಿಗೂ ಬಡಿದು ವಾಪಸು ಬಂದು ಪರದೆಯೆಲ್ಲ ಬಿಳಿ. ಮಾಡಿನ ನೀರು ಬೀಳುವ ಅಂಚಿನಿಂದ ಒಂದೂವರೆ ಅಡಿ ಒಳಗೆ ಕ್ಯಾಮರಾ ಕೂರಿಸಿ. ನಾಯ್ಸ್ ರಿಡಕ್ಷನ್ ಮಧ್ಯಮದಲ್ಲಿರಲಿ, ಪೂರ್ತಿ ಏರಿಸಿದರೆ ನಡೆಯುವವರ ಹಿಂದೆ ನೆರಳಿನಂತೆ ಬಾಲ ಕಾಣುತ್ತದೆ.

ಪರೀಕ್ಷಿಸಲು ಮಳೆ ಕಾಯಬೇಕಿಲ್ಲ. ಕತ್ತಲಾದ ಮೇಲೆ ಕ್ಯಾಮರಾದ ಎದುರು ಪೈಪಿನಲ್ಲಿ ನೀರು ಚಿಮ್ಮಿಸಿ, ಮೊಬೈಲಿನ ವೈಫೈ ಆಫ್ ಮಾಡಿ ಡೇಟಾದಲ್ಲಿ ಎರಡು ನಿಮಿಷ ನೋಡಿ. ತಡವರಿಸಿದರೆ ಮೊದಲು ಸಬ್ ಸ್ಟ್ರೀಮನ್ನು 256ಕ್ಕೆ ಇಳಿಸಿ. ಮನೆಯೊಳಗಿನ ಎನ್‌ವಿಆರ್ ಪರದೆಯಲ್ಲೂ ತಡವರಿಸುತ್ತಿದ್ದರೆ ಇಂಟರ್‌ನೆಟ್ಟನ್ನು ಬೈಯಬೇಡಿ, ಕ್ಯಾಮರಾದ ಹಿಂದಿನ ಆರ್‌ಜೆ45 (ನೆಟ್‌ವರ್ಕ್ ಕೇಬಲ್) ಜೋಡಣೆ ಬಿಚ್ಚಿ ನೋಡಿ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಪಿನ್ನು ಹಸಿರುಗಟ್ಟುತ್ತದೆ, ಪಿಒಇ ಕರೆಂಟು (ಅದೇ ಕೇಬಲಿನಲ್ಲಿ ಕ್ಯಾಮರಾಕ್ಕೆ ಬರುವ ವಿದ್ಯುತ್) ಹರಿಯುವಲ್ಲಿ ಇನ್ನೂ ಬೇಗ. ಆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ವಾಟರ್‌ಪ್ರೂಫ್ ಕವರಿನ ರಬ್ಬರ್ ವಾಷರ್ ಬಿಡದೆ ಬಿಗಿಯಿರಿ.