ಹಳೇ ಜಿಪ್ಸಿಗೆ ಮೂರು ಶನಿವಾರ, ಆಮೇಲೆ ಸಕಲೇಶಪುರ

ಹಳೇ ಮಾರುತಿ ಜಿಪ್ಸಿ ಜೀಪು ಕೊಂಡವರಲ್ಲಿ ಮುಕ್ಕಾಲು ಪಾಲು ಜನ ಮಾಡುವ ತಪ್ಪು ಒಂದೇ. ಗಾಡಿ ಮನೆಗೆ ಬಂದ ವಾರವೇ ದಪ್ಪ ಟೈರು, ಮುಂದೆ ಉದ್ದನೆಯ ಎಲ್ಇಡಿ ಪಟ್ಟಿ, ತಲೆ ಮೇಲೊಂದು ಕ್ಯಾರಿಯರ್. ನಾನೂ ಹಾಗೇ ಮಾಡಿದ್ದೆ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ದುಡಿದು ಸವೆದ 2003ರ ಗಾಡಿ ಅದು. ಹೊಸ ಟೈರು ಹಾಕಿಸಿ ಹೊರಟರೆ, ಕುಣಿಗಲ್ ದಾಟುವಷ್ಟರಲ್ಲಿ ಸ್ಟೀರಿಂಗ್ ನನ್ನ ಎರಡೂ ಕೈಯನ್ನು ಕುಣಿಸಿಬಿಟ್ಟಿತು. ಅರವತ್ತರ ವೇಗದಲ್ಲಿ ಒಂದು ಸಣ್ಣ ಗುಂಡಿ ಸಿಕ್ಕಿತು, ಅಷ್ಟೇ. ಆವತ್ತು ಅಲ್ಲಿಂದಲೇ ವಾಪಸ್ ಬಂದೆ.

ಅದಕ್ಕೇ ಹೇಳುತ್ತೇನೆ, ಮೂರು ಶನಿವಾರ ಗಾಡಿ ಕೆಳಗೆ ಮಲಗಿ, ಆಮೇಲೆ ಟ್ರಿಪ್ ಹೋಗಿ. ಒಂದು ಶನಿವಾರಕ್ಕೆ ಒಂದೇ ಕೆಲಸ. ಎರಡನೆಯದನ್ನು ಶುರು ಮಾಡಿದರೆ ಸೋಮವಾರ ಬೆಳಿಗ್ಗೆ ಗಾಡಿ ಅರ್ಧ ಬಿಚ್ಚಿಕೊಂಡು ನಿಂತಿರುತ್ತದೆ, ನೀವು ಆಟೋದಲ್ಲಿ ಆಫೀಸಿಗೆ ಹೋಗುತ್ತೀರಿ.

ಮೊದಲು ನಿಮ್ಮದು ಯಾವ ಜಿಪ್ಸಿ ಅಂತ ತಿಳಿದುಕೊಳ್ಳಿ. 1985ರ ಕೊನೆಯಲ್ಲಿ ಬಂದದ್ದು 970 ಸಿಸಿ ಎಂಜಿನ್ನಿನ ಗಾಡಿ. 1996ರಲ್ಲಿ ಬಂದ ಜಿಪ್ಸಿ ಕಿಂಗ್ 1.3 ಲೀಟರಿನದು. 2000ದ ಹೊತ್ತಿಗೆ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್ಐ, ಅಂದರೆ ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ, ಬಂತು. ನೋಡಲು ಎಲ್ಲ ಒಂದೇ ಥರ, ಆದರೆ ಎಷ್ಟೋ ಪಾರ್ಟ್ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಪಾರ್ಟ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಬಿಚ್ಚಿದ ಹಳೇ ಪಾರ್ಟನ್ನೇ ಕವರಿನಲ್ಲಿ ಹಾಕಿಕೊಂಡು ಹೋಗಿ. ಬಾಯಲ್ಲಿ ವಿವರಿಸಿ ತಂದದ್ದನ್ನು ವಾಪಸ್ ಕೊಡಲು ಇನ್ನೊಂದು ಸಲ ಆ ಟ್ರಾಫಿಕ್ಕಿನಲ್ಲಿ ಹೋಗಬೇಕಾಗುತ್ತದೆ.

ಮೊದಲ ಶನಿವಾರ ಆಯಿಲ್ ಕೆಲಸ. ಎಂಜಿನ್ ಆಯಿಲ್ ಎಲ್ಲರೂ ಬದಲಿಸುತ್ತಾರೆ, ಅದು ಬಿಡಿ. ಜಿಪ್ಸಿಯಲ್ಲಿ ಅದರ ಜೊತೆಗೆ ಇನ್ನೂ ನಾಲ್ಕು ಕಡೆ ಗೇರ್ ಆಯಿಲ್ ಇದೆ: ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಟ್ರಾನ್ಸ್‌ಫರ್ ಕೇಸ್ ಅಂದರೆ ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ. ಡಿಫರೆನ್ಷಿಯಲ್ ಅಂದರೆ ತಿರುವಿನಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಗುಂಪು. ಕಿಂಗ್‌ನಲ್ಲಿ ಗೇರ್ ಬಾಕ್ಸಿಗೆ ಸುಮಾರು 1.3 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ 0.8, ಮುಂದೆ 2, ಹಿಂದೆ 1.5. ಒಟ್ಟು 6 ಲೀಟರ್ ತಂದಿಟ್ಟುಕೊಂಡರೆ ಸಾಕು. ಒಂದು ಮಾತು ಮಾತ್ರ ಮರೆಯಬೇಡಿ: ಮೊದಲು ಮೇಲಿನ, ಆಯಿಲ್ ತುಂಬುವ ಪ್ಲಗ್ ಬಿಚ್ಚಿ. ಅದು ಬಿಚ್ಚಿಕೊಂಡ ಮೇಲೆಯೇ ಕೆಳಗಿನ ಪ್ಲಗ್ಗಿಗೆ ಕೈ ಹಾಕಿ. ನಾನು ಉಲ್ಟಾ ಮಾಡಿದೆ. ಆಯಿಲ್ ಎಲ್ಲ ಕೆಳಗಿನ ಬಕೆಟ್ಟಿಗೆ ಬಂತು, ಮೇಲಿನ ಪ್ಲಗ್ ಮಾತ್ರ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಹಿಂದೆ ಯಾರೋ ಅದರ ಮೂಲೆಯನ್ನೆಲ್ಲ ಸವೆಸಿಟ್ಟಿದ್ದರು. ಖಾಲಿ ಹೊಟ್ಟೆಯ ಗಾಡಿಯನ್ನು ಓಡಿಸುವಂತಿಲ್ಲ, ಭಾನುವಾರ ಗ್ಯಾರೇಜಿಲ್ಲ. ಕೊನೆಗೆ ಪ್ಲಗ್ಗಿಗೆ ಒಂದು ನಟ್ ವೆಲ್ಡ್ ಮಾಡಿ ತಿರುಗಿಸಲು ವೆಲ್ಡಿಂಗ್ ಅಂಗಡಿಯವರನ್ನೇ ಮನೆಗೆ ಕರೆಸಬೇಕಾಯಿತು.

ಹೊರಗೆ ಬಂದ ಆಯಿಲ್ಲಿನ ಬಣ್ಣ ನೋಡಿ. ಕಪ್ಪಾಗಿದ್ದರೆ ಚಿಂತೆಯಿಲ್ಲ. ಹಾಲು ಹಾಕಿದ ಕಾಫಿಯ ಹಾಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅನ್ನುವ ಗಾಳಿಯಾಡುವ ಸಣ್ಣ ತೂತಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಪರಿಹಾರ ಬಹಳ ಅಗ್ಗ. ಬ್ರೀದರ್‌ಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನ ಒಳಗೆ ಎತ್ತರಕ್ಕೆ ಕಟ್ಟಿಬಿಡಿ. ಒಂದು ಪಿಜ್ಜಾಕ್ಕಿಂತ ಕಡಿಮೆ ಖರ್ಚು. ಅದೇ ಕೈಯಲ್ಲಿ ಪೆಟ್ರೋಲ್ ಪೈಪುಗಳನ್ನೂ ಬಗ್ಗಿಸಿ ನೋಡಿ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್, ಇಪ್ಪತ್ತು ವರ್ಷದ ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಬಿರುಕು ಕಂಡರೆ ಬದಲಿಸಿ, ಯೋಚನೆ ಮಾಡಬೇಡಿ.

ಎರಡನೇ ಶನಿವಾರ ಸ್ಟೀರಿಂಗ್. ನನ್ನ ಕುಣಿಗಲ್ ಕುಣಿತಕ್ಕೆ ಎಲ್ಲರೂ ಹೇಳಿದ್ದು ಒಂದೇ, ಅಲೈನ್‌ಮೆಂಟ್ ಮಾಡಿಸಿ ಅಂತ. ಎರಡು ಸಲ ಮಾಡಿಸಿದೆ, ಎರಡು ಸಲವೂ ದುಡ್ಡು ಹೋಯಿತು, ನಡುಕ ಹೋಗಲಿಲ್ಲ. ನಡುಕ ತಗ್ಗಿಸುವ ಸ್ಟೀರಿಂಗ್ ಡ್ಯಾಂಪರ್ ಹಾಕಿ ಅಂದರು. ಅದು ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ ಹಾಗೆ. ಜಿಪ್ಸಿಯ ಮುಂದಿನ ಚಕ್ರ ಬಲಕ್ಕೆ ಎಡಕ್ಕೆ ತಿರುಗುವುದು ಕಿಂಗ್‌ಪಿನ್ ಬೇರಿಂಗ್ ಮೇಲೆ, ಮೇಲೊಂದು ಕೆಳಗೊಂದು. ಅವು ಸವೆದು ಸಡಿಲವಾದರೆ ಚಕ್ರಕ್ಕೆ ಹಿಡಿತ ಹೋಗುತ್ತದೆ, ಒಂದು ಗುಂಡಿ ಸಿಕ್ಕರೆ ಸಾಕು, ತಾನೇ ತಾನಾಗಿ ಅಲುಗಲು ಶುರು ಮಾಡುತ್ತದೆ.

ಪರೀಕ್ಷೆ ಸುಲಭ, ಇಬ್ಬರು ಬೇಕು. ಮುಂದಿನ ಆಕ್ಸಲ್ಲನ್ನು ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಬರೀ ಜಾಕಿ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ, ಇಟ್ಟಿಗೆಯನ್ನಂತೂ ಕೊಡಲೇಬೇಡಿ, ಅದು ಒಡೆಯುತ್ತದೆ. ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿ. ಕಟಕಟ ಅಂತ ಆಡಿತಾ? ಈಗ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಿಸಿ. ಆಟ ನಿಂತರೆ ಚಕ್ರದ ಬೇರಿಂಗ್ ಸಡಿಲ. ಬ್ರೇಕ್ ಒತ್ತಿದರೂ ಆಡುತ್ತಿದ್ದರೆ ಕಿಂಗ್‌ಪಿನ್ ಬೇರಿಂಗ್. ಇದನ್ನು ತಿಳಿದುಕೊಂಡು ಗ್ಯಾರೇಜಿಗೆ ಹೋದರೆ ಅಂದಾಜಿನ ಮೇಲೆ ಪಾರ್ಟ್ ಬದಲಿಸುವ ಆಟ ನಡೆಯುವುದಿಲ್ಲ. ಕಿಂಗ್‌ಪಿನ್ ಬಿಚ್ಚುವಾಗ ಅದರ ಕೆಳಗಿರುವ ಶಿಮ್ ಅನ್ನುವ ತೆಳು ತಗಡಿನ ಬಿಲ್ಲೆಗಳನ್ನು ಯಾವುದು ಎಲ್ಲಿಯದು ಅಂತ ಬರೆದಿಟ್ಟುಕೊಳ್ಳಿ. ಬೇರಿಂಗ್ ಎಷ್ಟು ಬಿಗಿ ಅನ್ನುವುದು ಅವುಗಳ ಲೆಕ್ಕದ ಮೇಲೇ ನಿಂತಿದೆ. ಹೊಸ ಬೇರಿಂಗ್, ಹೊಸ ಸೀಲು, ಆಕ್ಸಲ್ ತುದಿಯ ಗೋಲದೊಳಗೆ ಹೊಸ ಗ್ರೀಸ್ ತುಂಬಿಸಿದ ಮೇಲೆ ಅದೇ ರಸ್ತೆ, ಅದೇ ಅರವತ್ತು. ಕೈ ಕುಣಿಯಲಿಲ್ಲ.

ಮೂರನೇ ಶನಿವಾರಕ್ಕೆ ಬ್ರೇಕ್ ಮತ್ತು ಕ್ರಾಸ್. ಒಂದೇ ಕೆಲಸ ಅಂದವನು ಎರಡು ಹೇಳುತ್ತಿದ್ದೇನೆ, ಆದರೆ ಕ್ರಾಸ್ ಕೆಲಸ ಅರ್ಧ ಗಂಟೆಯದು. ಎಂಜಿನ್ ಬಲವನ್ನು ಚಕ್ರದ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಜಿಪ್ಸಿಗೆ ಮೂರು, ಒಂದೊಂದಕ್ಕೆ ಎರಡು ಕ್ರಾಸ್, ಅಂದರೆ ಶಾಫ್ಟ್ ಬಾಗಿ ತಿರುಗಲು ಬಿಡುವ ಕೀಲು. ರಿವರ್ಸ್‌ನಿಂದ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಕೆಳಗಿನಿಂದ ಟಣ್ ಅಂತ ಕೇಳಿದರೆ ಯಾವುದೋ ಕ್ರಾಸ್ ಹೋಗಿದೆ. ಇಲ್ಲವಾದರೆ ಗ್ರೀಸ್ ಗನ್ ಹಿಡಿದು ನಿಪ್ಪಲ್‌ಗಳಿಗೆ ತುಂಬಿ, ಹಳೇ ಗ್ರೀಸ್ ಹೊರಗೆ ಬರುವ ತನಕ. ಶಾಫ್ಟ್ ಬಿಚ್ಚುವ ಮುಂಚೆ ಎರಡೂ ಕಡೆ ಪೇಂಟಿನಲ್ಲಿ ಗುರುತು ಹಾಕಿ, ಹೇಗಿತ್ತೋ ಹಾಗೇ ಜೋಡಿಸಬೇಕು. ಇನ್ನು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರಿಕೊಳ್ಳುತ್ತಾ ಹೋಗುತ್ತದೆ. ಘಾಟಿ ಇಳಿಯುವಾಗ ಬಿಸಿಗೆ ಆ ನೀರು ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಎಂಪಿಎಫ್ಐ ಗಾಡಿಯಾಗಿದ್ದು, ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ಅದನ್ನೂ ಬದಲಿಸಿಬಿಡಿ. ಹಿಂದಿನ ಮಾಲೀಕರ ಬಾಯಿಮಾತು ಬಿಲ್ ಅಲ್ಲ.

ತುಕ್ಕಿನ ಬಗ್ಗೆ ಎರಡೇ ಮಾತು. ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನಿಂದ ತಗಡನ್ನು ಚುಚ್ಚಿ ನೋಡಿ. ತೂತು ಬಿದ್ದರೆ ಟಿಂಕರಿಂಗ್ ಅಂಗಡಿಗೆ ಬಿಡಿ, ಪುಟ್ಟಿ ಮೆತ್ತಿ ಪೇಂಟ್ ಹೊಡೆಯಬೇಡಿ.

ಈಗ ಅಪ್‌ಗ್ರೇಡ್. ನನ್ನ ಮಟ್ಟಿಗೆ ಮೊದಲು ಬರಬೇಕಾದ್ದು ಹೆಡ್‌ಲೈಟ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್. ಹಳೇ ವೈರು, ಹಳೇ ಸ್ವಿಚ್ಚಿನ ಮೂಲಕ ಬರುವಷ್ಟರಲ್ಲಿ ಕರೆಂಟ್ ಸೊರಗಿರುತ್ತದೆ. ಬ್ಯಾಟರಿಯಿಂದ ನೇರ ಫ್ಯೂಸ್ ಹಾಕಿ ರಿಲೇ ಮೂಲಕ ಕೊಟ್ಟರೆ ಅದೇ ಬಲ್ಬು ಬೇರೆ ಬಲ್ಬಿನ ಹಾಗೆ ಉರಿಯುತ್ತದೆ. ಆಮೇಲೆ ಸೀಟು, ಯಾಕೆಂದರೆ ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ನಿಮ್ಮ ಬೆನ್ನೇ ಶಾಕ್ ಅಬ್ಸಾರ್ಬರ್. ಟೈರು 215/75 ಆರ್15 ಸಾಕು. ಅದಕ್ಕಿಂತ ದೊಡ್ಡದು ಹಾಕಿದರೆ ಸ್ಟೀರಿಂಗ್ ಭಾರವಾಗುತ್ತದೆ, ಪಿಕಪ್ ಸಾಯುತ್ತದೆ, ಎಲ್ಲೆಲ್ಲೋ ಉಜ್ಜುತ್ತದೆ. ಮುಂದೆ ಕ್ರ್ಯಾಶ್ ಗಾರ್ಡ್ ಬೇಡ, 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಆಗ ಆರ್‌ಟಿಒ ಕಣ್ಣಿಗೆ ಇದೆಲ್ಲ ಬೀಳುತ್ತದೆ.

ಇಷ್ಟಾದ ಮೇಲೆ ಸಕಲೇಶಪುರ. ಬೆಂಗಳೂರಿನಿಂದ ಸುಮಾರು 220 ಕಿ.ಮೀ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ ಅಂತ ಒಳ್ಳೆ ಹೆದ್ದಾರಿ. ಜಿಪ್ಸಿ ಎಪ್ಪತ್ತೈದರಲ್ಲಿ ಹಾಯಾಗಿ ಹೋಗುತ್ತದೆ, ಅದಕ್ಕಿಂತ ಜಾಸ್ತಿ ಓಡಿಸಿದರೆ ಪಕ್ಕದವರ ಜೊತೆ ಕೂಗಿ ಮಾತಾಡಬೇಕು. ಟ್ಯಾಂಕ್ ಬರೀ 40 ಲೀಟರ್, ನನ್ನದು ಲೀಟರಿಗೆ ಹತ್ತು ಕೊಡುತ್ತದೆ, ಹಾಸನದಲ್ಲಿ ಒಮ್ಮೆ ತುಂಬಿಸಿಬಿಡಿ. ಕಾಫಿಗೆ ನಿಲ್ಲಿಸಿದಾಗಲೆಲ್ಲ ನಾಲ್ಕೂ ಚಕ್ರದ ನಡುಭಾಗವನ್ನು ಕೈಯಿಂದ ಮೆಲ್ಲಗೆ ಮುಟ್ಟಿ ನೋಡಿ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ.

ಮೊದಲ ದಿನ ಮಂಜರಾಬಾದ್ ಕೋಟೆ ನೋಡಿ. ಟಿಪ್ಪು ಕಟ್ಟಿಸಿದ ನಕ್ಷತ್ರದ ಆಕಾರದ ಕೋಟೆ, ಊರಿನಿಂದ ಐದಾರು ಕಿ.ಮೀ. ಮಾರನೇ ದಿನ ಬೆಳಿಗ್ಗೆ ಬಿಸಿಲೆ ಘಾಟಿ ಕಡೆ ಹೋಗಿ. ಹೋಗುವ ಮುಂಚೆ ರಸ್ತೆ ತೆರೆದಿದೆಯಾ ಅಂತ ಊರಲ್ಲಿ ಕೇಳಿ, ಮಳೆಗಾಲದಲ್ಲಿ ಇಲ್ಲಿನ ಘಾಟಿಗಳಲ್ಲಿ ಗುಡ್ಡ ಜರಿಯುವುದು ಹೊಸದಲ್ಲ. ಮಣ್ಣಿನ ದಾರಿ ಬೇಕಿದ್ದರೆ ತೋಟದವರ ಒಪ್ಪಿಗೆ ಪಡೆದು ತೋಟದೊಳಗೆ ಓಡಿಸಿ. ಕಾಡಿನೊಳಗೆ, ಹುಲ್ಲುಗಾವಲ ಮೇಲೆ ಗಾಡಿ ಹತ್ತಿಸಬೇಡಿ, ಕೇಸ್ ಬೀಳುತ್ತದೆ, ಬೀಳಲೂಬೇಕು. ಕತ್ತಲಾಗುವ ಮುಂಚೆ ವಾಪಸ್ ಬನ್ನಿ. ಆಲೂರು, ಸಕಲೇಶಪುರ ಕಡೆ ತೋಟದ ದಾರಿಗಳಲ್ಲಿ ಆನೆ ಓಡಾಡುತ್ತವೆ, ಸಾಫ್ಟ್ ಟಾಪ್ ಅಂದರೆ ಅವಕ್ಕೆ ಒಂದು ಬಟ್ಟೆ ಅಷ್ಟೇ.

ಕೆಸರಿಗೆ ಇಳಿಯುವ ಮುಂಚೆ ಟೈರಿನ ಗಾಳಿ 18 ಪಿಎಸ್ಐಗೆ ಇಳಿಸಿ, ಟಾರಿಗೆ ಬಂದ ತಕ್ಷಣ ಮತ್ತೆ ತುಂಬಿಸಿ. 4ಎಲ್ (ಫೋರ್ ವೀಲ್‌ನ ನಿಧಾನದ, ಹೆಚ್ಚು ಬಲದ ಗೇರ್) ಹಾಕುವುದು ಗಾಡಿ ನಿಂತ ಮೇಲೆ. ಟಾರ್ ರಸ್ತೆಯಲ್ಲಿ ಫೋರ್ ವೀಲ್ ಬೇಡವೇ ಬೇಡ. ಜಿಪ್ಸಿಗೆ ನಡುವಿನ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗುತ್ತದೆ, ಹಿಂದಿನದು ಕಡಿಮೆ. ಆ ವ್ಯತ್ಯಾಸವನ್ನು ಮಣ್ಣಿನಲ್ಲಿ ಟೈರು ಜಾರಿ ಸರಿಮಾಡಿಕೊಳ್ಳುತ್ತದೆ, ಟಾರಿನಲ್ಲಿ ಶಾಫ್ಟುಗಳು ಹಗ್ಗದ ಹಾಗೆ ಹುರಿಗೊಳ್ಳುತ್ತವೆ. ಫೋರ್ ವೀಲ್ ಲಿವರ್ ಹೊರಗೆ ಬರದೆ ಸಿಕ್ಕಿಹಾಕಿಕೊಂಡರೆ ಬಲ ಹಾಕಬೇಡಿ, ನಾಲ್ಕು ಅಡಿ ರಿವರ್ಸ್ ತೆಗೆದುಕೊಳ್ಳಿ, ತಾನೇ ಬಿಡುತ್ತದೆ. ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿ. ಉಂಬಳಕ್ಕೆ ಉಪ್ಪಿನ ಪೊಟ್ಟಣ ಡ್ಯಾಶ್‌ಬೋರ್ಡಿನಲ್ಲಿರಲಿ.

ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕೂ ಇರಲಿ. ಕೇಳಿಸಿದ ಸದ್ದು, ಬಂದ ವಾಸನೆ, ಕಂಡ ತೊಟ್ಟು ಆಯಿಲ್, ಆಗಲೇ ಬರೆದುಬಿಡಿ, ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಕಳೆದ ಸಲ ವಾಪಸ್ ಬರುವಾಗ ಯಡಿಯೂರಿನ ಹತ್ತಿರ ಕಾಫಿಗೆ ನಿಲ್ಲಿಸಿ ಚಕ್ರ ಮುಟ್ಟಿದರೆ ಹಿಂದಿನ ಎಡಗಡೆಯದು ಮಾತ್ರ ಸುಡುತ್ತಿತ್ತು. ಹ್ಯಾಂಡ್‌ಬ್ರೇಕ್ ಕೇಬಲ್ಲೇ ಇರಬೇಕು. ಮುಂದಿನ ಶನಿವಾರ ಡ್ರಮ್ ಬಿಚ್ಚಬೇಕು.